ಒಲೆ ಯಾರ ಮನೆಯದು

"ತಾಯಿಯಿಂದಲೇ ಬರೋದು! ಕೇಳಿಸ್ತೇನೇ? ತಾಯಿಯಿಂದಲೇ! ಹೇಳಿದ್ದು ಮೇಷ್ಟ್ರು, ನಾನಲ್ಲ!"

ಅಮ್ಮ ಮೊಸರು ತುಂಬಿದ ಬಟ್ಟೆಚೀಲವನ್ನು ಕಲ್ಲಿನ ಮೇಲೆ ಕುಕ್ಕಿದಳು. ಹಳದಿ ನೀರು ನಾಲ್ಕೂ ಕಡೆ ಚಿಮ್ಮಿ ನನ್ನ ಮುಖಕ್ಕೂ ಬಿತ್ತು.

"ಕಿವಿ ಇದೆ ಅತ್ತೆ, ಕಿರುಚಬೇಡಿ," ಅಂದಳು ಫಿದ್ದಾ, ನನ್ನ ತಮ್ಮ ಹಾಯಿಲ್‌ನ ಹೆಂಡತಿ. ದನಿ ತಗ್ಗಿತ್ತು, ಆದರೆ ಉಪ್ಪು ಬೆರೆಸುತ್ತಿದ್ದ ಕೈ ನಿಂತಿತ್ತು. "ನನ್ನಿಂದ ಬಂದಿದ್ದೇ ಆಗ್ಲಿ. ಹಾಗಂತ ಮಾತ್ರೆ ಬಚ್ಚಿಡಬೇಕಾ? ಮಧ್ಯಾಹ್ನದ ಮಾತ್ರೆ ಎಲ್ಲಿಟ್ಟಿದೀರಿ ಹೇಳಿ."

"ಕಾರ್ಟಿಸೋನ್ ಕಣೇ ಅದು! ಮೂಳೆ ತಿನ್ನುತ್ತೆ. ಖಲಫ್‌ನ ಹೆಂಡತಿ ಅದನ್ನ ತಿಂದೂ ತಿಂದೂ ಗುಡಾರದ ಹಾಗೆ ಊದಿಕೊಂಡು ಸತ್ತಳು."

"ಅವಳು ಸತ್ತಿದ್ದು ಲಾರಿ ಗುದ್ದಿ," ಅಂದೆ ನಾನು.

"ಊದದೇ ಇದ್ದಿದ್ರೆ ಪಕ್ಕಕ್ಕೆ ಸರೀತಿದ್ಲು!"

ನವ್ವಾಫ್ ಬಾಗಿಲಿಗೆ ಒರಗಿ ಟೀ ಹೀರುತ್ತಿದ್ದ. ನಮ್ಮ ದಾಯಾದಿ, ಗಂಡುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಬೆಂಕಿ ಹಚ್ಚಿ ಚಳಿ ಕಾಯಿಸಿಕೊಳ್ಳುವವನ ಹಾಗಿತ್ತು ಅವನ ಮುಖ.

"ನಾನು ಹಾಗಂದಿಲ್ಲ ದೊಡ್ಡಮ್ಮ. ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಮಗುವಿಗೆ ಬರುತ್ತೆ, ತಂದೆಯದು ಬರಲ್ಲ, ಪುಸ್ತಕದಲ್ಲಿದೆ ಅಂದೆ. ಡಾಕ್ಟರು ಏನಂದ್ರು? ಮಗುವಿನ ತೊಂದರೆ ಮೈಟೋಕಾಂಡ್ರಿಯಾದ ಒಳಗಿದೆ ಅಂದ್ರು. ಎರಡನ್ನೂ ನೀವೇ ಕೂಡಿಸಿ."

"ಕೂಡಿಸಿದೆ," ಅಂದಳು ಅಮ್ಮ. "ಕೂಡಿಸಿದ್ರೆ ಬಂದಿದ್ದು ಇವಳು!"

ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ನಿಮ್ಮ ಶಾಲೇಲಿ ಪಾಠ ಮುಗೀತು ಅಂತ ನಮ್ಮ ಅಂಗಳದಲ್ಲಿ ಶುರು ಮಾಡಿದ್ರಾ? ಲೋಟ ಇಟ್ಟು ಹೊರಡು. ನಿನ್ನ ಮನೆ ಹಾಳಾಗ!"

"ನನಗೇಕಮ್ಮಾ ಬೈತೀಯಾ ಅಮ್ಶಾ? ಕೇಳಿದ್ರು, ಹೇಳಿದೆ."

"ಬಾವಿ ಆಳ ಎಷ್ಟು ಅಂತ ಕೇಳಿದವರನ್ನ ಬಾವಿಗೇ ತಳ್ಳಿದೆ ನೀನು."

ಅವನು ಹೋದ. ಫಿದ್ದಾ ಒಳಗೆ ಡಬ್ಬಿಗಳನ್ನು ತೆಗೆದು ತೆಗೆದು ಹಾಕುತ್ತಿದ್ದಳು. ಮಾತ್ರೆಯ ಪೊಟ್ಟಣ ಗೋಧಿ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು. ಅದನ್ನು ಕೊಡವಿ, ಒಂದು ಮಾತ್ರೆಯನ್ನು ಮುರಿದು ಮಾಳಿಗೆಯ ಮೆಟ್ಟಿಲ ಕಡೆ ಓಡಿದಳು. ಅಲ್ಲಿ ಜುಮಾನಾ ಕೂತಿದ್ದಳು, ಫಿದ್ದಾಳ ಒಬ್ಬಳೇ ಮಗಳು, ಇನ್ನೂ ಹಾಲುಹಲ್ಲು ಬೀಳದ ಹುಡುಗಿ. ಬಾಯಲ್ಲಿ ಜಮೀದಿನ ಉಂಡೆ. ಮೊಸರು ಹಿಂಡಿ, ಉಪ್ಪು ತುಂಬಿ, ಬಿಸಿಲಲ್ಲಿ ಕಲ್ಲಾಗುವಷ್ಟು ಒಣಗಿಸುವ ಆ ಉಂಡೆಯನ್ನು ನಾವು ನೆನೆಹಾಕಿ ಕುರಿಮಾಂಸಕ್ಕೆ ಸಾರು ಮಾಡುತ್ತೇವೆ. ಹಾಗೇ ನೆಕ್ಕಿದರೆ ದೊಡ್ಡವರ ನಾಲಿಗೆಯೇ ಸುಟ್ಟ ಹಾಗಾಗುತ್ತದೆ. ಇವಳು ಅದನ್ನು ಮಿಠಾಯಿಯ ಹಾಗೆ ಚೀಪುತ್ತಿದ್ದಳು.

ಕಾಯಿಲೆ ಇದೆ ಅಂತ ಅದರಿಂದಲೇ ನಮಗೆ ಮೊದಲೇ ಗೊತ್ತಾಗಬೇಕಿತ್ತು. ಯಾರಿಗೂ ಗೊತ್ತಾಗಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಉಂಡೆಗಳು ಕಡಿಮೆಯಾದಾಗ ಅಮ್ಮ ಕಾಗೆಯನ್ನು ಬೈದಳು, ಆಮೇಲೆ ಪಕ್ಕದ ಮನೆಯವರನ್ನು ಬೈದಳು. ಕುರಿಗಳಿಗೆ ನೇತುಹಾಕಿದ ಉಪ್ಪಿನ ಗಡ್ಡೆಯನ್ನು ಹುಡುಗಿ ಕುರಿಗಳ ನಡುವೆ ನಿಂತು ನೆಕ್ಕುವುದನ್ನು ನಾನೇ ನೋಡಿ, ನಕ್ಕು, ಕಿವಿ ಹಿಂಡಿ ಕಳಿಸಿದ್ದೆ. ಮೈಬಣ್ಣವೂ ಕಪ್ಪಾಗುತ್ತ ಬಂತು. ಬೆರಳ ಗೆಣ್ಣು, ಒಸಡು, ಮಂಡಿಯ ಹಳೇ ಗಾಯದ ಕಲೆ, ಎಲ್ಲ ಮಸಿ ಹಚ್ಚಿದ ಹಾಗೆ. "ಬಿಸಿಲಲ್ಲಿ ಬಿಟ್ಟೆ," ಅಂತ ಅಮ್ಮ ಫಿದ್ದಾಳನ್ನು ಬೈದಳು. ಚಳಿಗಾಲ ಬಂದು ಬಿಸಿಲೇ ಇಲ್ಲದಾಗಲೂ ಅದೇ ಬೈಗುಳ.

ಒಮ್ಮೆ ಕುರಿಹಟ್ಟಿಯ ನಾಯಿ ಬೊಗಳಿಕೊಂಡು ಮೇಲೆ ಬಿತ್ತು. ಕಚ್ಚಲಿಲ್ಲ. ಆದರೆ ಹುಡುಗಿ ನಿಂತಲ್ಲೇ ಕುಸಿದಳು, ವಾಂತಿ ಮಾಡಿದಳು, ಮಾತಾಡಲಿಲ್ಲ. "ಬೆಚ್ಚಿದೆ," ಅಂದಳು ಅಮ್ಮ. ಬೆಚ್ಚಿದವರಿಗೆ ನಮ್ಮಲ್ಲಿ ಬೆದರು ಬಟ್ಟಲು ಉಂಟು. ಹಿತ್ತಾಳೆಯದು, ಒಳಗೆಲ್ಲ ದೇವರ ವಚನ ಕೆತ್ತಿದ್ದು, ಅಮ್ಮನ ಅಮ್ಮನ ಕಾಲದ್ದು. ಅದರಲ್ಲಿ ನೀರು ತುಂಬಿ ಇರುಳೆಲ್ಲ ಆಕಾಶದ ಕೆಳಗಿಟ್ಟು ಬೆಳಿಗ್ಗೆ ಕುಡಿಸುವುದು. ಅಕ್ಕಪಕ್ಕದ ಊರುಗಳಿಂದಲೂ ಜನ ಆ ಬಟ್ಟಲು ಎರವಲು ಕೇಳಿಕೊಂಡು ಬರುತ್ತಾರೆ. ಕುಡಿಸಿದೆವು. ಹತ್ತಿರದ ಪಟ್ಟಣ ಕರಕ್‌ನ ಆಸ್ಪತ್ರೆಗೂ ಹೋದೆವು. ಅಲ್ಲಿ ಡ್ರಿಪ್ ಹಾಕಿದರು, ಹುಡುಗಿ ಎದ್ದು ಕೂತಳು. ಬಟ್ಟಲಿಗೆ ಹೆಸರು ಬಂತು. ಮತ್ತೆ ಜ್ವರ ಬಂದಾಗ, ಮತ್ತೆ ಹೊಟ್ಟೆ ಕೆಟ್ಟಾಗ, ಅದೇ ಕುಸಿತ, ಅದೇ ಬಟ್ಟಲು, ಅದೇ ಡ್ರಿಪ್.

ಕೊನೆಗೆ ಫಿದ್ದಾ ಯಾರ ಮಾತನ್ನೂ ಕೇಳದೆ ಮಗಳನ್ನು ರಾಜಧಾನಿ ಅಮ್ಮಾನಿಗೆ ಕರೆದುಕೊಂಡು ಹೋದಳು. ನಾನೂ ಹೋದೆ. ನಾನು ವಿಧವೆ, ನನ್ನನ್ನು ಬೇಡ ಅನ್ನುವವರು ಯಾರೂ ಇಲ್ಲ. ಅಲ್ಲಿನ ಡಾಕ್ಟರ್ ಲಮೀಸ್ ಹುಡುಗಿಯ ಒಸಡನ್ನು ನೋಡಿದ ಕೂಡಲೇ ಕೇಳಿದಳು: "ಉಪ್ಪು ಜಾಸ್ತಿ ತಿಂತಾಳಾ?"

ಆಕೆ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಯ ಹಾಗೆ ಒಂದು ಗ್ರಂಥಿ ಕೂತಿದೆ. ಅದರ ಒಂದೊಂದು ಕೋಶದೊಳಗೂ ಸಣ್ಣ ಸಣ್ಣ ಒಲೆಗಳು, ಅವೇ ಮೈಟೋಕಾಂಡ್ರಿಯಾ. ಬೇರೆ ಕಡೆ ಅವು ಬರೀ ಕಾವು ಕೊಡುತ್ತವೆ, ಇಲ್ಲಿ ಅಡುಗೆಯನ್ನೂ ಮಾಡುತ್ತವೆ. ರಕ್ತದಲ್ಲಿ ಬರುವ ಕೊಬ್ಬು ಆ ಒಲೆಯ ಒಳಗೆ ಹೋಗಬೇಕು, ಅಲ್ಲಿ ಅದಕ್ಕೆ ಮೊದಲ ಕತ್ತಿ ಬೀಳಬೇಕು. ಆಮೇಲೆ ಹೊರಗೆ ಬಂದು ಒಂದಿಷ್ಟು ಬದಲಾಗಿ, ಕೊನೆಯ ಹದಕ್ಕೆ ಮತ್ತೆ ಅದೇ ಒಲೆಗೆ ಹೋಗಿ ಹಾರ್ಮೋನಾಗಿ ಹೊರಡುತ್ತದೆ. ಒಂದು ಹಾರ್ಮೋನು ಮೈಯಲ್ಲಿ ಉಪ್ಪನ್ನು ಹಿಡಿದಿಡುತ್ತದೆ. ಇನ್ನೊಂದು ಜ್ವರ, ಹಸಿವು, ಪೆಟ್ಟು, ಭಯ ಬಂದಾಗ ಎದೆಕೊಟ್ಟು ನಿಲ್ಲುತ್ತದೆ.

"ನಿಮ್ಮ ಹುಡುಗೀಲಿ ಆ ಮೊದಲ ಕತ್ತಿ ಮೊಂಡು," ಅಂದಳು ಡಾಕ್ಟರ್. "ಮಿದುಳು 'ಮಾಡು, ಮಾಡು' ಅಂತ ಗ್ರಂಥಿಗೆ ಕೂಗ್ತಾನೇ ಇದೆ. ಆ ಕೂಗಿಂದಲೇ ಚರ್ಮ ಕಪ್ಪಾಗೋದು. ಪಾಪ, ಉಪ್ಪು ತಿಂದೂ ತಿಂದೂ ತನ್ನನ್ನ ತಾನೇ ಇಷ್ಟು ದಿನ ಬದುಕಿಸಿಕೊಂಡಿದೆ ಮಗು."

ಮೈ ಮಾಡಲಾರದ್ದನ್ನು ಮಾತ್ರೆಯಿಂದ ಕೊಡಬೇಕು, ದಿನವೂ, ಬದುಕಿರುವ ತನಕ. ಜ್ವರ ಬಂದರೆ ದುಪ್ಪಟ್ಟು ಕೊಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತೊಡೆಗೆ ಇಂಜೆಕ್ಷನ್, ಕೂಡಲೇ. "ಆಸ್ಪತ್ರೆಗೆ ಹೋಗಿ ಕೊಡಿಸೋಣ ಅಂತ ಕಾಯಬೇಡಿ. ಕಾದರೆ ದಾರೀಲೇ ಹೋಗ್ತಾಳೆ," ಅಂದಳು. ಇಂಜೆಕ್ಷನ್ ಪುಡಿಗೆ ನೀರು ಬೆರೆಸುವುದನ್ನು ಫಿದ್ದಾಳಿಗೆ ಕಲಿಸಿದಳು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಕತ್ತಿ ಯಾಕೆ ಮೊಂಡಾಯಿತೆಂದು ತಿಳಿಯಲು ಗಂಡಹೆಂಡತಿ ಇಬ್ಬರ ರಕ್ತವನ್ನೂ ಎಲ್ಲಿಗೋ ಕಳಿಸಬೇಕೆಂದಳು. ಪೊಟ್ಯಾಶ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಹಾಯಿಲ್ ರಜೆ ಹಾಕಿ ಬಂದು ರಕ್ತ ಕೊಟ್ಟು ಹೋದ.

ಊರಿಗೆ ಬಂದು, ಒಲೆಯ ಮಾತನ್ನು ಅಮ್ಮನಿಗೆ ಹೇಳಿದೆವು. ಅಮ್ಮ ನವ್ವಾಫ್‌ನನ್ನು ಕೇಳಿದಳು. ನವ್ವಾಫ್ ತಾಯಿಯಿಂದ ಬರುತ್ತದೆ ಅಂದ. ಅಷ್ಟೇ ಆದದ್ದು. ಅಷ್ಟಕ್ಕೇ ಮನೆ ಹೊತ್ತಿ ಉರಿಯಿತು.

ಅಂದಿನಿಂದ ಆ ಮನೆಯಲ್ಲಿ ಒಬ್ಬರೂ ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ. ಅಮ್ಮ ಮಾತ್ರೆ ಬಚ್ಚಿಡುವಳು, ಫಿದ್ದಾ ಹುಡುಕುವಳು. ಫಿದ್ದಾ ಎದೆಯೊಳಗೆ ಸಿಕ್ಕಿಸಿಕೊಂಡು ಓಡಾಡತೊಡಗಿದ ಮೇಲೆ ಅಮ್ಮ ಬೇರೆ ದಾರಿ ಹಿಡಿದಳು.

"ಉಮ್ಮ್ ಸಖ್ರ್‌ಗೆ ಇಬ್ಬರು ಹೆಣ್ಣುಮಕ್ಕಳಿದಾರೆ," ಅನ್ನುವಳು, ಯಾರಿಗೂ ಅಲ್ಲ, ಕುರಿಗಳಿಗೆ ಹೇಳುವ ಹಾಗೆ. "ಬೆಳ್ಳಗೆ, ದುಂಡಗೆ ಇದಾರೆ. ನಮ್ಮ ಹಾಯಿಲ್‌ಗೇನು ವಯಸ್ಸು ಮೀರಿದ್ಯಾ?"

"ಕರಕೊಂಡು ಬನ್ನಿ ಅತ್ತೆ," ಅನ್ನುವಳು ಫಿದ್ದಾ. "ಮಾತ್ರೆ ಹುಡುಕೋಕೆ ನನಗೂ ಇನ್ನೊಂದು ಕೈ ಆಗುತ್ತೆ."

ಹಾಯಿಲ್ ವಾರದ ಕೊನೆಗೆ ಬರುವನು. ಬಂದವನು ಮಗಳನ್ನು ಎತ್ತಿಕೊಂಡು ಮುದ್ದಾಡುವನು, ಅಮ್ಮ ಬೈದರೆ ಕೇಳುವನು, ಫಿದ್ದಾ ಬೈದರೂ ಕೇಳುವನು, ಹೊರಗೆ ಹೋಗಿ ಸಿಗರೇಟು ಹಚ್ಚುವನು. "ಏನಾದ್ರೂ ಅನ್ನೋ ಗೂಬೆ!" ಅಂತ ನಾನು ಬೈದರೆ, "ಏನನ್ನಲಿ ಅಕ್ಕ, ಅವಳೂ ಸರಿ, ಅಮ್ಮನೂ ಸರಿ," ಅನ್ನುವನು. ಇಬ್ಬರೂ ಸರಿ ಅನ್ನುವ ಗಂಡಸನ್ನು ಕಂಡರೆ ನನಗೆ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಎತ್ತಿಕೊಳ್ಳಬೇಕು ಅನಿಸುತ್ತದೆ.

ಮರಿ ಹಾಕಿದ ಕುರಿಗಳಿಗೆ ಲಸಿಕೆ ಚುಚ್ಚುವ ದಿನ. ನಾನು ಕಣಿವೆಯ ಹಟ್ಟಿಯಲ್ಲಿದ್ದೆ. ಫಿದ್ದಾ ಮಾತ್ರೆ ತರಲು ಕರಕ್‌ಗೆ ಹೋಗಿದ್ದಳು. ಹೋಗುವಾಗ ಹುಡುಗಿ ಚೆನ್ನಾಗಿಯೇ ಇದ್ದಳು. ಬೆಳಗಿನಿಂದ ಸೂಜಿ ಎರಡು ಸಲ ಕುರಿಯ ಬದಲು ನನ್ನ ಹೆಬ್ಬೆರಳಿಗೇ ಚುಚ್ಚಿತು. ಧೂಳುಗಾಳಿ ಬೇರೆ. ಅರ್ಧ ಹಿಂಡನ್ನು ಬಿಟ್ಟು ಮನೆಗೆ ಬಂದೆ.

ಜುಮಾನಾ ಚಾಪೆಯ ಮೇಲೆ ಬಿದ್ದಿದ್ದಳು. ತುಟಿ ಬೂದಿ, ಕಣ್ಣು ಅರ್ಧ ತೆರೆದಿದೆ, ಪಕ್ಕದಲ್ಲಿ ವಾಂತಿ. ಹಣೆ ಮುಟ್ಟಿದರೆ ಕೆಂಡ, ಪಾದ ಮುಟ್ಟಿದರೆ ಬಾವಿಯ ಕಲ್ಲು. ಅಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆದರು ಬಟ್ಟಲನ್ನು ತುಟಿಗೆ ಹಿಡಿದಿದ್ದಳು. ನೀರು ಕೆನ್ನೆಯ ಮೇಲೆ ಇಳಿದು ಹೋಗುತ್ತಿತ್ತು.

"ಜ್ವರ ಯಾವಾಗ ಬಂತು?"

"ಅವಳಮ್ಮ ಅತ್ತ ಹೋದ್ಲು, ಇತ್ತ ಬಂತು. ಬೆಚ್ಚಿದೆ. ಗಾಳಿಗೆ ಬಾಗಿಲು ಬಡಕೊಂಡಿತು, ಬೆಚ್ಚಿತು."

"ಮಾತ್ರೆ ಕೊಟ್ಯಾ?"

"ವಾಂತಿ ಮಾಡೋ ಮಗುಗೆ ಯಾರಾದ್ರೂ ಮಾತ್ರೆ ಕೊಡ್ತಾರಾ? ಖಾಲಿ ಹೊಟ್ಟೆಗೆ ವಿಷ ಹಾಕ್ಲಾ?"

"ಇಂಜೆಕ್ಷನ್ ಎಲ್ಲಿ?"

ಅಮ್ಮ ಬಟ್ಟಲನ್ನು ಕೆಳಗಿಟ್ಟು ಬೀರುವಿನ ಮುಂದೆ ಹೋಗಿ ನಿಂತಳು. ಬಾಗಿದ ಬೆನ್ನಿನ ಮುದುಕಿ, ಕೈ ಎರಡೂ ಅಗಲಿಸಿದ್ದಳು.

"ಕುರಿಗೆ ಚುಚ್ಚೋ ಕೈಲಿ ನನ್ನ ಮೊಮ್ಮಗಳಿಗೆ ಚುಚ್ತೀಯಾ? ನನ್ನ ಹೆಣ ದಾಟಿ ಹೋಗು!"

"ದಾಟ್ತೀನಿ, ಸರಿ."

ಹೆತ್ತ ತಾಯಿಯನ್ನು ತೋಳು ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿದೆ. ಅವಳು ನನ್ನ ಮುಡಿ ಹಿಡಿದಳು, ಬಿಡಿಸಿಕೊಂಡೆ. ಪುಡಿಗೆ ನೀರು ಹಾಕಿ ಅಲ್ಲಾಡಿಸುವಾಗ ಎಲ್ಲ ದೇವರ ಹೆಸರೂ ನಾಲಿಗೆಗೆ ಬಂದವು, ಜೊತೆಗೆ ಎಲ್ಲ ಬೈಗುಳವೂ. ಕುರಿಯ ತೊಡೆಯಲ್ಲಿ ಉಣ್ಣೆ ಸರಿಸಿ ಜಾಗ ಹುಡುಕಬೇಕು. ಈ ತೊಡೆಯಲ್ಲಿ ಹುಡುಕಲು ಏನೂ ಇರಲಿಲ್ಲ, ಅಷ್ಟು ಬಡಕಲು. ಚುಚ್ಚಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದು ಬೀದಿ ಕೇಳುವ ಹಾಗೆ ನವ್ವಾಫ್‌ನನ್ನು ಕೂಗಿದೆ. ಬೈದದ್ದನ್ನೆಲ್ಲ ಮರೆತು ಅವನು ಪಿಕಪ್ ತಂದ. ಅದು ಅವನ ಒಳ್ಳೆಯತನ. ಹುಡುಗಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ. ಕರಕ್‌ನ ಏರು ದಾರಿಯಲ್ಲಿ ಅವಳ ಬಾಯಿಂದ ಮಾತು ಬಂತು.

"ಅಮ್ಶತ್ತೆ, ನೋಯುತ್ತೆ."

"ನೋಯಲಿ ಚಿನ್ನ, ನೋಯಲಿ," ಅಂದೆ. ನವ್ವಾಫ್ ಹಾರನ್ ಒತ್ತಿ ಹಿಡಿದವನು ಬಿಡಲೇ ಇಲ್ಲ.

ಕರಕ್‌ನಲ್ಲಿ ಡ್ರಿಪ್ ಹಾಕಿ, ಫಿದ್ದಾಳನ್ನು ಔಷಧದಂಗಡಿಯಿಂದ ಕರೆಸಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಅಮ್ಮಾನಿಗೆ ಕಳಿಸಿದರು. ನವ್ವಾಫ್ ಪಿಕಪ್ಪಿನಲ್ಲಿ ಹಿಂದೆಯೇ ಬಂದ. ಮಾರನೆಯ ದಿನ ಹಾಯಿಲ್ ಬಂದ. ಹುಡುಗಿ ಮಂಚದ ಮೇಲೆ ಕೂತು ಉಪ್ಪುಬಿಸ್ಕತ್ತು ತಿನ್ನುತ್ತಿದ್ದಳು. ಫಿದ್ದಾ ಅವಳ ಕಾಲನ್ನು ಹಿಡಿದುಕೊಂಡೇ ಇದ್ದಳು, ಬಿಟ್ಟರೆ ಹಾರಿಹೋಗುತ್ತಾಳೇನೋ ಅನ್ನುವ ಹಾಗೆ.

ಡಾಕ್ಟರ್ ಲಮೀಸ್ ಒಳಗೆ ಬಂದಳು. "ಇಂಜೆಕ್ಷನ್ ಕೊಟ್ಟವರು ಯಾರು?"

"ನಾನು."

"ಅದರಿಂದಲೇ ಉಳಿದಳು." ಅಷ್ಟು ಹೇಳಿ ಹಾಯಿಲ್ ಕಡೆ ತಿರುಗಿದಳು. "ರಕ್ತದ ವಿಷಯ ಗೊತ್ತಾಯ್ತು. ನೀವಿಬ್ಬರೂ ದಾಯಾದಿಗಳು, ಅಲ್ಲವಾ?"

"ಚಿಕ್ಕಪ್ಪನ ಮಗಳು," ಅಂದ ಹಾಯಿಲ್. ನಮ್ಮಲ್ಲಿ ಚಿಕ್ಕಪ್ಪನ ಮಗಳನ್ನು ಮದುವೆಯಾಗುವ ಮೊದಲ ಹಕ್ಕು ಅಣ್ಣನ ಮಗನಿಗೇ ಅಲ್ಲವೇ.

ಫಿದ್ದಾ ತಲೆ ಎತ್ತದೆ ಕೇಳಿದಳು: "ಡಾಕ್ಟರೇ, ನನ್ನಿಂದಲೇ ಬಂದಿದ್ದಾ? ಆ ಒಲೆ ತಾಯಿಯಿಂದ ಮಾತ್ರ ಬರುತ್ತಂತೆ."

"ಯಾರು ಹೇಳಿದ್ದು?"

ನವ್ವಾಫ್ ಕಿಟಕಿಯಾಚೆ ನೋಡತೊಡಗಿದ.

"ಹೇಳಿದವರು ಅರ್ಧ ಸರಿ," ಅಂದಳು ಡಾಕ್ಟರ್. "ಮೈಟೋಕಾಂಡ್ರಿಯಾ ತಾಯಿಯಿಂದ ಬರುತ್ತೆ, ನಿಜ. ನಿಮ್ಮಿಂದ ಬಂದ ಒಲೆ ಚೆನ್ನಾಗೇ ಇದೆ. ಆದರೆ ಅದರೊಳಗಿನ ಆ ಕತ್ತಿ ಇದೆಯಲ್ಲ, ಅದನ್ನ ಮಾಡೋ ವಿಧಾನ ಒಲೆಯಲ್ಲಿರೋದಿಲ್ಲ. ಅದು ಕೋಶದ ಕೇಂದ್ರದಲ್ಲಿರುತ್ತೆ, ತಂದೆಯದೊಂದು ಪ್ರತಿ, ತಾಯಿಯದೊಂದು ಪ್ರತಿ. ಒಂದು ಚೆನ್ನಾಗಿದ್ರೆ ಸಾಕು, ಕತ್ತಿ ಆಗುತ್ತೆ. ನಿಮಗೆ ಒಂದು ಕೆಟ್ಟಿದೆ, ಒಂದು ಚೆನ್ನಾಗಿದೆ. ನಿಮ್ಮ ಗಂಡನಿಗೂ ಹಾಗೇ, ಅದೇ ಕೆಡುಕು, ಒಂದೇ ತಾತನಿಂದಲೋ ಅಜ್ಜಿಯಿಂದಲೋ ಬಂದದ್ದು. ಅದಕ್ಕೇ ನೀವಿಬ್ಬರೂ ಗಟ್ಟಿಮುಟ್ಟಾಗಿದ್ದೀರಿ. ಹುಡುಗಿಗೆ ಇಬ್ಬರಿಂದಲೂ ಕೆಟ್ಟದ್ದೇ ಬಂತು. ಅರ್ಧ ನಿಮ್ಮದು, ಅರ್ಧ ಇವರದು. ಇದರಲ್ಲಿ ತಪ್ಪು ಅಂತ ಯಾರದೂ ಇಲ್ಲ."

ಹುಡುಗಿ ಇನ್ನೊಂದು ಬಿಸ್ಕತ್ತು ಕಡಿದಳು.

"ನಾನು ಅರ್ಧ ಪಾಠ ಮಾಡಿದೆ," ಅಂದ ನವ್ವಾಫ್ ಮೆಲ್ಲಗೆ.

"ಉಳಿದರ್ಧ ದೊಡ್ಡಮ್ಮನಿಗೆ ನೀನೇ ಹೋಗಿ ಮಾಡು," ಅಂದೆ.

ಆದರೆ ಹಾಯಿಲ್ ನಮ್ಮಿಬ್ಬರನ್ನೂ ಮೊಗಸಾಲೆಗೆ ಕರೆದುಕೊಂಡು ಹೋದ. ಅವನ ಕೈ ಜೇಬಿಗೆ ಹೋಗಿ ಬರುತ್ತಿತ್ತು, ಸಿಗರೇಟು ಹಚ್ಚುವ ಹಾಗಿರಲಿಲ್ಲ. "ಇದು ಊರಿಗೆ ಹೋಗಬಾರದು. ಅಕ್ಕ, ನಿನ್ನ ಕಾಲು ಹಿಡೀತೀನಿ. ತಾತನ ರಕ್ತದಲ್ಲೇ ಇದೆ ಅಂತ ಗೊತ್ತಾದ್ರೆ ನಮ್ಮ ಕುಲದ ಹೆಣ್ಣುಮಕ್ಕಳನ್ನ ಯಾರು ಕೇಳ್ತಾರೆ? ನಮ್ಮ ಹುಡುಗರಿಗೆ ಯಾರು ಕೊಡ್ತಾರೆ?"

"ಹಾಗಾದ್ರೆ ಫಿದ್ದಾ ಒಬ್ಬಳ ತಲೆ ಮೇಲೆ ಇರಲಿ ಅಂತೀಯಾ?"

"ಯಾರ ತಲೆ ಮೇಲೂ ಬೇಡ ಅಂತೀನಿ."

ಬಾಗಿಲಲ್ಲಿ ಫಿದ್ದಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಆಸ್ಪತ್ರೆಯಿಂದ ಅವಳು ನಮ್ಮ ಮನೆಗೆ ಬರಲಿಲ್ಲ. ಮಗಳನ್ನು ಎತ್ತಿಕೊಂಡು ನೇರ ತವರಿಗೆ ಹೋದಳು. ತವರು ಅಂದರೆ ಅದೇ ಊರಿನ ಕೆಳಗೇರಿ, ನನ್ನ ಚಿಕ್ಕಪ್ಪ ಮುಫ್ಲಿಹ್‌ನ ಮನೆ. ಮುನಿಸಿಕೊಂಡು ತವರಿಗೆ ಹೋದ ಹೆಣ್ಣನ್ನು ಗಂಡ ಒಬ್ಬನೇ ಹೋಗಿ ಕರೆತರುವ ಹಾಗಿಲ್ಲ. ಕುಲದ ಹಿರಿಯರು ಹೋಗಬೇಕು, ಅವಳ ಅಪ್ಪ ಕೇಳಿದ ಮಾತು ಕೊಡಬೇಕು, ಆಮೇಲೆ ಕಾಫಿ ಕುಡಿಯಬೇಕು.

ನಾನು ಹೋಗಿ ಕೇಳಿದೆ: "ಏನು ಬೇಕು ನಿನಗೆ? ಬೇರೆ ಮನೆ ಬೇಕಾ?"

"ಒಂದು ಮಾತು ಬೇಕು ಅಮ್ಶಕ್ಕ. ಇದು ಕಾಯಿಲೆ, ನಮ್ಮಿಬ್ಬರಿಂದಲೂ ಬಂದದ್ದು ಅಂತ ಅವನು ಹಿರಿಯರ ಮುಂದೆ ಹೇಳಲಿ. ಕಾಯಿಲೆ ಅಂದ್ರೆ ಮಾತ್ರೆ ಕೊಡ್ತಾರೆ. ಶಾಲೆಯವರಿಗೆ ಹೇಳಬಹುದು, ಪಕ್ಕದ ಮನೆಯವರಿಗೆ ಇಂಜೆಕ್ಷನ್ ತೋರಿಸಿಕೊಡಬಹುದು. ಬೆಚ್ಚಿದ್ದು ಅಂದ್ರೆ ಬಟ್ಟಲು ಕೊಡ್ತಾರೆ. ಆವತ್ತು ನೀನು ಬಂದೆ. ಇನ್ನೊಂದು ಸಲ ನೀನು ಕುರಿಹಟ್ಟೀಲೇ ಇದ್ರೆ?"

ಎದ್ದು ಕಿಟಕಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.

ಹಿರಿಯರು ಶುಕ್ರವಾರ ನಮಾಜಿನ ನಂತರ ಹೊರಟರು. ಮುಂದೆ ದೊಡ್ಡಪ್ಪ ಸುವೈಲಿಮ್, ಊರಿನ ಜಗಳಗಳನ್ನೆಲ್ಲ ಮುಗಿಸಿಕೊಟ್ಟ ಮನುಷ್ಯ. ಹಿಂದೆ ಇಸ್ತ್ರಿ ಮಾಡಿದ ನಿಲುವಂಗಿಯಲ್ಲಿ ಹಾಯಿಲ್, ನವ್ವಾಫ್, ಇನ್ನೊಂದಿಷ್ಟು ಗಂಡಸರು. ಅಮ್ಮ ಬರಲಿಲ್ಲ, ಅವಳಿಗೆ ನನ್ನ ಮೇಲೆ ಸಿಟ್ಟು. ನಾನು ಹೆಂಗಸರ ಕೋಣೆಗೆ ಹೋಗಿ ಫಿದ್ದಾಳ ಪಕ್ಕ ಕೂತೆ. ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ಗಂಡಸರ ಕೋಣೆಗೂ ನಮಗೂ ನಡುವೆ ಒಂದು ದಪ್ಪ ಪರದೆ. ಜುಮಾನಾ ಬೂಟಿನ ದಾರ ಕಟ್ಟಲು ಕಲಿಯುತ್ತಿದ್ದಳು. ಫಿದ್ದಾ ಅವಳಿಗೆ ಮಾತ್ರೆ ನುಂಗಿಸಿ ನೀರು ಕುಡಿಸಿದಳು.

ಆಚೆ ಚಿಕ್ಕಪ್ಪ ಕಾಫಿ ಬಗ್ಗಿಸಿದ. ಸುವೈಲಿಮ್ ದೊಡ್ಡಪ್ಪ ಬಟ್ಟಲು ತೆಗೆದುಕೊಂಡು, ಕುಡಿಯದೆ ಮುಂದೆ ನೆಲದ ಮೇಲಿಟ್ಟ. ಪಿಂಗಾಣಿ ತಾಗಿದ ಸದ್ದು ಪರದೆಯ ಈಚೆಗೂ ಕೇಳಿಸಿತು.

"ಕಾಫಿ ಕುಡೀರಿ ಅಣ್ಣ," ಅಂದ ಚಿಕ್ಕಪ್ಪ.

"ಕುಡೀತೀವಿ ಮುಫ್ಲಿಹ್. ನಮ್ಮ ಕೋರಿಕೆ ನಡೆಸಿಕೊಟ್ಟ ಮೇಲೆ. ನಿನ್ನ ಮಗಳು ಅವಳ ಮನೆಗೆ ಬರಲಿ."

"ಮಗಳು ನಿಮ್ಮವಳೇ. ಆದರೆ ಅವಳು ಒಂದು ಮಾತು ಕೇಳ್ತಾಳೆ. ಮಗುವಿನ ವಿಷಯ ಏನು ಅಂತ ಹಾಯಿಲ್ ಎಲ್ಲರ ಮುಂದೆ ಹೇಳಬೇಕಂತೆ."

"ಹೇಳಪ್ಪ ಹಾಯಿಲ್. ಮಾತಿಗೇನು ಬಡತನ?"

ಫಿದ್ದಾ ಪರದೆಯ ಹತ್ತಿರ ಸರಿದಳು. ಅವಳ ಬೆರಳು ನನ್ನ ಮಣಿಕಟ್ಟನ್ನು ಹಿಡಿದಿತ್ತು. ಎಷ್ಟು ಬಿಗಿ ಅಂದರೆ ನನ್ನ ಕೈ ಜೋಮು ಹಿಡಿಯಿತು.

ಹಾಯಿಲ್ ಕೆಮ್ಮಿದ. ಮತ್ತೆ ಕೆಮ್ಮಿದ.

"ಮಗು..." ಅಂದ. "ಮಗು ಬೆಚ್ಚಿದೆ ದೊಡ್ಡಪ್ಪ. ನಾಯಿ ಬಂದು ಬೆಚ್ಚಿತು. ಅಂದಿನಿಂದ ಹಾಗೇ ಇದೆ. ಯಾರ ತಪ್ಪೂ ಅಲ್ಲ. ನನ್ನ ಹೆಂಡತಿಯದಂತೂ ಅಲ್ಲವೇ ಅಲ್ಲ."

ಚಿಕ್ಕಪ್ಪ ಒಪ್ಪುವುದಿಲ್ಲ ಅಂದುಕೊಂಡೆ. ಫಿದ್ದಾ ಅವನಿಗೆ ಎಲ್ಲ ಹೇಳಿದ್ದಳು, ಡಾಕ್ಟರ್ ಹೇಳಿದ್ದನ್ನು ಒಂದಕ್ಷರ ಬಿಡದೆ. ಆದರೆ ಅವನಿಗೂ ಮದುವೆಗೆ ಬಂದ ಇನ್ನಿಬ್ಬರು ಹೆಣ್ಣುಮಕ್ಕಳಿದ್ದರು. ಹಾಯಿಲ್‌ನ ತಾತ ಅಂದರೆ ಚಿಕ್ಕಪ್ಪನ ಅಪ್ಪನೇ.

"ಹೌದಪ್ಪಾ," ಅಂದ ಚಿಕ್ಕಪ್ಪ. ದನಿಯಲ್ಲಿ ಹೊರೆ ಇಳಿಸಿದವನ ಸುಖ. "ಬೆಚ್ಚಿದ್ದೇ. ಬೆಚ್ಚಿದ್ದಕ್ಕೆ ಯಾರು ಹೊಣೆ? ಎರಡೂ ಮನೆ ಚೊಕ್ಕ."

"ಎರಡೂ ಮನೆ ಚೊಕ್ಕ," ಅಂದರು ಉಳಿದವರು.

ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ನಾನು ಅದನ್ನು ಗಮನಿಸಬೇಕಿತ್ತು. ಆದರೆ ನನ್ನ ಗಮನವೆಲ್ಲ ಆಚೆಗಿತ್ತು. ಪರದೆಯನ್ನು ಸರಿಸಿ, ಗಂಡಸರ ಕೋಣೆಗೆ ತಲೆ ಹಾಕಿ ಕೂಗಿದೆ:

"ಸುಳ್ಳು! ಅರ್ಧ ನಿನ್ನದು ಕಣೋ ಹಾಯಿಲ್! ನಿನ್ನ ಕಿವಿಯಿಂದಲೇ ಕೇಳಿದ್ದೀಯಲ್ಲೋ! ಮೇಷ್ಟ್ರೇ, ನೀನಾದ್ರೂ ಹೇಳು, ಪುಸ್ತಕದಲ್ಲಿದೆ ಅಂತ ಅಂಗಳದಲ್ಲಿ ಬೊಗಳಿದ್ಯಲ್ಲ, ಇಲ್ಲಿ ಬೊಗಳು!"

ನವ್ವಾಫ್ ಬಾಯಿ ತೆರೆದ. ಅವನ ಅಪ್ಪ ಮೊಣಕೈಯಿಂದ ತಿವಿದ. ಬಾಯಿ ಮುಚ್ಚಿದ.

"ಯಾರಮ್ಮ ಅದು?" ಅಂದ ಸುವೈಲಿಮ್ ದೊಡ್ಡಪ್ಪ, ಗೊತ್ತಿದ್ದೂ.

"ಅಮ್ಶಾ," ಅಂದರು ಯಾರೋ.

"ಓ, ಅಮ್ಶಾನಾ? ಇವಳ ಬಾಯಿಗೆ ಹೆದರಿ ಇವಳ ಗಂಡ ಬೇಗ ಹೋದ, ಪುಣ್ಯಾತ್ಮ."

ಗಂಡಸರು ನಕ್ಕರು. ಸಿಟ್ಟಾಗಿ ನನ್ನನ್ನು ಹೊರಗೆ ಹಾಕಿದ್ದರೆ ಮಾತಿಗೆ ತೂಕ ಬರುತ್ತಿತ್ತು. ನಕ್ಕುಬಿಟ್ಟರು. ಹಾಯಿಲ್ ಮಾತ್ರ ನಗಲಿಲ್ಲ, ಕಂಬಳಿಯ ಅಂಚನ್ನು ನೋಡುತ್ತ ಕೂತಿದ್ದ.

"ಕುಡೀರಿ ಅಣ್ಣ, ನಿಮ್ಮ ಕೋರಿಕೆ ನಡೀತು," ಅಂದ ಚಿಕ್ಕಪ್ಪ. ದೊಡ್ಡಪ್ಪ ನೆಲದಿಂದ ಬಟ್ಟಲು ಎತ್ತಿದ. ಎಲ್ಲರೂ ಎತ್ತಿದರು. ಒಟ್ಟಿಗೆ ಸುರ್ರೆಂದು ಹೀರಿದ ಸದ್ದು.

ಪರದೆ ಬಿಟ್ಟು ತಿರುಗಿದೆ. ಚಾಪೆ ಖಾಲಿ ಇತ್ತು.

ಹಿತ್ತಿಲ ಬಾಗಿಲು ಗಾಳಿಗೆ ಆಡುತ್ತಿತ್ತು. ಓಡಿ ಹೋಗಿ ಕಲ್ಲುಗೋಡೆಯ ಮೇಲೆ ಕೈಯೂರಿ ನೋಡಿದೆ. ಕೆಳಗೆ ಆಲಿವ್ ತೋಪಿನ ನಡುವೆ ಫಿದ್ದಾ ಇಳಿದು ಹೋಗುತ್ತಿದ್ದಳು. ಹೆಗಲಲ್ಲಿ ಔಷಧದ ಚೀಲ, ಒಂದು ಕೈಯಲ್ಲಿ ಮಗಳು. ಹುಡುಗಿಯ ಒಂದು ಬೂಟಿನ ದಾರ ಬಿಚ್ಚಿ ನೆಲದ ಮೇಲೆ ಎಳೆಯುತ್ತಿತ್ತು. ಓಡುತ್ತಿರಲಿಲ್ಲ ಫಿದ್ದಾ, ತೋಟಕ್ಕೆ ಹೋಗುವವಳ ಹಾಗೆ ನಡೆಯುತ್ತಿದ್ದಳು.

"ಫಿದ್ದಾ!"

ಜುಮಾನಾ ತಿರುಗಿ ಕೈ ಬೀಸಿದಳು. ಫಿದ್ದಾ ತಿರುಗಲಿಲ್ಲ.

ಹೆದ್ದಾರಿಯ ಅಂಚಿನಲ್ಲಿ ಅವರು ನಿಂತರು. ತಫೀಲಾ ಕಡೆಯಿಂದ ಅಮ್ಮಾನಿಗೆ ಹೋಗುವ ಬಿಳಿ ಬಸ್ಸು ಬಂದು ನಿಂತು, ಹೊರಟಿತು. ರಸ್ತೆ ಬರಿದಾಯಿತು.

"ಅಮ್ಶಾ," ಫಿದ್ದಾಳ ಅಮ್ಮ, ನನ್ನ ಚಿಕ್ಕಮ್ಮ, ಅಡುಗೆಮನೆಯಿಂದ ಕೂಗಿದಳು. "ಫಿದ್ದಾನ ಕಳಿಸು, ಹಾಯಿಲ್ ಎದ್ದು ನಿಂ‌ತಿದಾನೆ, ಮನೆಗೆ ಹೊರಡೋಕೆ."

"ಹೊರಟಳು," ಅಂದೆ.

ಹಾಯಿಲ್ ಅಮ್ಮಾನಿಗೆ ಹೋಗಿ ಬಂದ. ಸುವೈಲಿಮ್ ದೊಡ್ಡಪ್ಪನೂ ಹೋಗಿ ಬಂದ. ಫಿದ್ದಾ ಬರಲಿಲ್ಲ.